ಟವಲಿನ ಕೆಳಗೆ ಕೇಳಿದ ಪ್ರಶ್ನೆ

ದನದ ಸಂತೆಯಲ್ಲಿ ಯಾರಾದರೂ ನಿಮ್ಮನ್ನು ಪ್ರಶ್ನೆ ಕೇಳಿದರೆ ಕೂಡಲೇ ಉತ್ತರ ಕೊಡಬೇಡಿ. ಅದು ಪ್ರಶ್ನೆ ಹೌದೋ ಅಲ್ಲವೋ, ಮೊದಲು ಅದನ್ನು ನೋಡಿ. ‘ಈ ಅಸು ಒದೀತದಾ?’ ಎಂದು ಒಬ್ಬ ಕೇಳುತ್ತಾನೆ. ಒದೆಯುತ್ತದೋ ಇಲ್ಲವೋ ಎಂಬುದು ಅವನಿಗೆ ಆಗಲೇ ಗೊತ್ತು, ಕೆಚ್ಚಲು ಮುಟ್ಟಿ ನೋಡಿಯೇ ಮುಂದಕ್ಕೆ ಬಂದಿದ್ದಾನೆ. ನೀನು ಹೇಳಿದ ಬೆಲೆ ಜಾಸ್ತಿ ಎನ್ನುವುದಕ್ಕೆ ಪ್ರಶ್ನೆಯ ಅಂಗಿ ತೊಡಿಸಿ ಕಳಿಸಿದ್ದಾನೆ, ಅಷ್ಟೇ. ಇನ್ನೊಬ್ಬ ‘ನಿಮ್ಮಂಥೋರಿಗೆ ನಾನು ಏಳ್ಕೊಡ್ಬೇಕಾ?’ ಎನ್ನುತ್ತಾನೆ. ಅದು ಹೊಗಳಿ ಕೊರಳಿಗೆ ಹಾಕುವ ಹಗ್ಗ. ಮತ್ತೊಬ್ಬ ‘ಬ್ಯಾಡ ಬಿಡಣ್ಣಾ, ಮನೆಗೆ ಒಡ್ಕೊಂಡೋಗು’ ಎಂದು ಬೆನ್ನು ತಿರುಗಿಸುತ್ತಾನೆ. ಕಿವಿಗೆ ಅಪ್ಪಣೆಯ ಹಾಗೆ ಕೇಳಿಸಿದರೂ ಅದು ಬೇಡಿಕೆ. ಆ ಹಸುವನ್ನು ಸಂಜೆಯೊಳಗೆ ಕೊಳ್ಳುವವನು ಅವನೇ.

ಇದನ್ನೆಲ್ಲ ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಬೇರೆಯವರ ದನದ ಹಗ್ಗ ಹಿಡಿದು ಬಿಸಿಲಲ್ಲಿ ನಿಲ್ಲುವ ಕೆಲಸದಿಂದ ಶುರುಮಾಡಿದವನು ನಾನು. ಆಮೇಲೆ ದಲ್ಲಾಳಿಯಾದೆ. ಈಗ ಬಂಗಾರಪೇಟೆಯಲ್ಲಿ ಬೂಸಾ, ಹಿಂಡಿಯ ಅಂಗಡಿ ಇದೆ. ಆದರೂ ಯಾರದೋ ಮನೆಗೆ ಸೀಮೆಹಸು ಬೇಕೆಂದರೆ ನನ್ನನ್ನೇ ಕರೆಯುತ್ತಾರೆ. ಮಾತಿನಲ್ಲಿ ನನ್ನನ್ನು ಸೋಲಿಸಿದವರು ಈ ತಾಲ್ಲೂಕಿನಲ್ಲಿ ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಮಾತೆಲ್ಲ ಕೈಕೊಟ್ಟ ಒಂದು ದಿನದ ಬಗ್ಗೆ ಬರೆಯಬೇಕಾಗಿದೆ, ಅದಕ್ಕೆ ಹೇಳಿದೆ.

ಈ ವಿದ್ಯೆ ಕಲಿಸಿದವನು ನನ್ನ ಅಣ್ಣ. ನನ್ನ ಕೈಯನ್ನು ಮೊದಲ ಸಲ ಟವಲಿನ ಕೆಳಗೆ ಎಳೆದುಕೊಂಡವನೂ ಅವನೇ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ದನದ ಬೆಲೆಯನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು ಮೇಲೊಂದು ಟವಲು ಹಾಕಿಕೊಳ್ಳುತ್ತಾರೆ. ಒಳಗೆ ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ಹೊರಗೆ ಬಾಯಿ ತನ್ನ ಪಾಡಿಗೆ ತಾನು ತೆಲುಗಲ್ಲಿ ಗೋಗರೆಯುತ್ತಿರುತ್ತದೆ, ತಮಿಳಲ್ಲಿ ನಗುತ್ತಿರುತ್ತದೆ, ಕನ್ನಡದಲ್ಲಿ ಬೈಯುತ್ತಿರುತ್ತದೆ. ಬೆರಳಿಗೆ ಭಾಷೆ ಇಲ್ಲ. ‘ಬಾಯಲ್ಲಿ ಏನ್ ಬೇಕಾದ್ರೂ ಏಳ್ಲಾ,’ ಎಂದು ಅಣ್ಣ ಅವತ್ತು ಹೇಳಿದ್ದ. ‘ಟವಲ್ ಕೆಳ್ಗೆ ಮಾತ್ರ ಸುಳ್ಳು ಏಳ್ಬೇಡ. ಅಲ್ಲೂ ಸುಳ್ಳು ಏಳಿದ್ರೆ ಇನ್ನೆಲ್ಲಿಗೋಗಿ ನಿಜ ಏಳ್ತೀಯ?’ ಇನ್ನೊಂದು ಪಾಠವೂ ಇತ್ತು. ಬೆಲೆ ಗೊತ್ತಿಲ್ಲದ ದನಕ್ಕೆ ಸುಮ್ಮನೆ ಯಾವುದೋ ಬೆರಳು ಹಿಡಿಯಬಾರದು. ಕೈಯನ್ನು ಸಡಿಲವಾಗಿ ಬಿಟ್ಟುಬಿಡಬೇಕು. ನನಗೆ ಗೊತ್ತಿಲ್ಲ, ನೀನೇ ಹೇಳು ಎಂದು ಅದರ ಅರ್ಥ. ಹಾಗೆ ಬಿಡುವುದಕ್ಕೆ ದಲ್ಲಾಳಿಗೆ ಪ್ರಾಣಸಂಕಟ. ನಾನಂತೂ ಅಷ್ಟು ವರ್ಷದಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ.

ಅಣ್ಣ ದಲ್ಲಾಳಿಕೆ ಬಿಟ್ಟು ಊರಲ್ಲೇ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ. ಅವನಿಗೆ ಒಬ್ಬಳೇ ಮಗಳು. ಅವಳು ರಾಬರ್ಟ್‌ಸನ್‌ಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಾಳೆ. ಸಂಜೆ ಬಂಗಾರಪೇಟೆಯಲ್ಲಿ ಬಸ್ಸಿಳಿದರೆ ಊರಿನ ಬಸ್ಸು ಬರುವವರೆಗೆ ನನ್ನ ಅಂಗಡಿಯೇ ಅವಳ ನಿಲ್ದಾಣ. ಬೂಸಾ ಮೂಟೆಯ ಮೇಲೆ ಕೂತು ಮಕ್ಕಳ ವಾದಗಳನ್ನು ತಿದ್ದುತ್ತಾ, ಮಧ್ಯೆ ನನ್ನ ವ್ಯಾಪಾರವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಅವಳಿಗೆ ಸುಳಿಯ ಕತೆ ಹೇಳಿದೆ. ಹಸುವಿನ ಹಣೆಯ ಮೇಲೋ ಬೆನ್ನ ಮೇಲೋ ಕೂದಲು ಸುತ್ತಿಕೊಂಡಿರುತ್ತದಲ್ಲ, ಅದು ಸುಳಿ. ಕೆಟ್ಟ ಜಾಗದಲ್ಲಿ ಸುಳಿಯಿದ್ದರೆ ಮನೆಗೆ ಆಗದು ಎಂದು ನಮ್ಮ ಕಡೆ ನಂಬಿಕೆ. ಒಂದು ಮನೆಯವರು ಅಂಥ ಹಸು ತಂದರು. ಸ್ವಲ್ಪ ದಿನಕ್ಕೆ ಮನೆಯ ಯಜಮಾನ ಮಹಡಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಹಸುವನ್ನು ಹೊರಗೆ ಕಟ್ಟಿ ನನ್ನನ್ನು ಕರೆದರು. ಆ ಮಹಡಿಗೆ ವರ್ಷಗಳಿಂದ ತಡೆಗೋಡೆಯೇ ಇರಲಿಲ್ಲ. ನಾನು ಅದನ್ನು ನೋಡಿದೆ, ಬಾಯಿ ಬಿಡಲಿಲ್ಲ. ಹಸುವನ್ನು ಕಡಿಮೆಗೆ ಕೊಂಡು ಆಂಡರ್ಸನ್‌ಪೇಟೆಯ ಹಾಲಿನವನಿಗೆ ಮಾರಿದೆ. ಅವನು ತಮಿಳನ್ನೂ ಕನ್ನಡವನ್ನೂ ಕಲಸಿ, ‘ಸುಳಿ ಗಿಳಿ ಯಾರ್ ನೋಡ್ತಾರಣ್ಣೇ, ಪಾಲ್ ಎಷ್ಟು ಕರೀತದೆ, ಅದ್ ಏಳು’ ಎಂದಿದ್ದ.

ಅವಳು ನಕ್ಕಳು. ‘ಚಿಕ್ಕಪ್ಪಾ, ಇದಕ್ಕೆ ಹೆಸರಿದೆ. ಅದಾದಮೇಲೆ ಇದಾಯ್ತು, ಆದ್ದರಿಂದ ಅದರಿಂದಲೇ ಇದಾಯ್ತು ಅನ್ನೋ ತಪ್ಪು. ಹೇತ್ವಾಭಾಸ ಅಂತಾರೆ. ಕಾರಣದ ಹಾಗೆ ಕಾಣುತ್ತೆ, ಆದ್ರೆ ಕಾರಣ ಅಲ್ಲ.’

ಆಮೇಲೆ ಒಂದೊಂದೇ ಹೆಸರು ಬಂದವು. ಹೇಳಿದ ಮಾತನ್ನು ಬಿಟ್ಟು ಹೇಳಿದ ಆಳಿನ ಮೇಲೆ ಬೀಳುವುದು. ಎದುರಿನವನು ಆಡದ ಮಾತನ್ನು ಬೆದರುಬೊಂಬೆಯ ಹಾಗೆ ನಿಲ್ಲಿಸಿ ಅದಕ್ಕೆ ಹೊಡೆಯುವುದು. ಹತ್ತು ದಾರಿಯಿದ್ದರೂ ಎರಡೇ ಎಂದು ಹೆದರಿಸುವುದು. ಒಂದು ಹೆಜ್ಜೆ ಇಟ್ಟರೆ ಜಾರಿ ಪಾತಾಳಕ್ಕೇ ಬೀಳುತ್ತೀಯ ಎನ್ನುವುದು. ನಾನು ಸಂತೆಯಲ್ಲಿ ಹಸುವನ್ನು ಬೈಯುತ್ತಾ ಹೊಗಳುತ್ತೇನೆ: ‘ದರಿದ್ರದ್ದು, ಎಷ್ಟು ಮೇವು ಆಕಿದ್ರೂ ಎಲ್ಲಾ ಆಲಾಗೇ ಓಗ್ತದೆ, ಮೈಗೇ ಅತ್ತಲ್ಲ.’ ಅದಕ್ಕೂ ಹೆಸರಿತ್ತು, ವ್ಯಾಜಸ್ತುತಿಯಂತೆ. ಇಷ್ಟು ವರ್ಷ ಹೆಸರೇ ಗೊತ್ತಿಲ್ಲದ ಸರಕು ಮಾರಿಕೊಂಡು ಬದುಕಿದ್ದೇನಲ್ಲ ಎಂದುಕೊಂಡೆ. ಹೆಸರು ತಿಳಿದರೆ ಒಳ್ಳೆಯದೇ. ಕಳ್ಳ ಬಂದಾಗ ‘ಯಾರೋ ಬಂದ’ ಎನ್ನುವುದಕ್ಕಿಂತ ಹೆಸರು ಹಿಡಿದು ಕೂಗಿದರೆ ಬೇಗ ನಿಲ್ಲುತ್ತಾನೆ.

ಹಾಗಂತ ನಾವಿಬ್ಬರೂ ನಂಬಿದ್ದೆವು.

ಅಣ್ಣನಿಗೆ ಸಕ್ಕರೆ ಕಾಯಿಲೆ ಬಹಳ ವರ್ಷದ್ದು. ಪಾದಕ್ಕೆ ಸ್ಪರ್ಶ ಕಡಿಮೆಯಾಗಿತ್ತು. ಕೊಟ್ಟಿಗೆಯಲ್ಲಿ ತಂತಿಯ ಚೂರೊಂದು ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಚಾಪೆಯ ಮೇಲೆ ಕೀವಿನ ಕಲೆ ಕಂಡು ಅತ್ತಿಗೆ ಕಾಲು ಎತ್ತಿ ನೋಡುವ ಹೊತ್ತಿಗೆ ಕಿರುಬೆರಳೂ ಅದರ ಪಕ್ಕದ್ದೂ ಕಪ್ಪಾಗಿದ್ದವು. ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎರಡು ಬೆರಳು ತೆಗೆಯಬೇಕು, ತಡಮಾಡಿದರೆ ಮೇಲಕ್ಕೆ ಏರುತ್ತದೆ, ಆಗ ಕಾಲನ್ನೇ ತೆಗೆಯಬೇಕಾಗುತ್ತದೆ, ಪ್ರಾಣಕ್ಕೂ ಅಪಾಯ ಎಂದರು. ಬೆರಳು ತೆಗೆದರೆ ಅಲ್ಲಿಗೆ ನಿಲ್ಲುತ್ತದೆಯೇ ಎಂದು ಅಣ್ಣ ಕೇಳಿದ. ‘ನಿಲ್ಲಬಹುದು. ಹೆಚ್ಚಿನವರಿಗೆ ನಿಲ್ಲುತ್ತೆ. ಸಕ್ಕರೆ ಹಿಡಿತಕ್ಕೆ ಬರದಿದ್ದರೆ ನಿಲ್ಲದೆಯೂ ಇರಬಹುದು. ನಾನು ಮಾತು ಕೊಡೋಕಾಗಲ್ಲ’ ಎಂದರು. ಅಣ್ಣ ಎದ್ದು ಚಪ್ಪಲಿ ಹುಡುಕಿಕೊಂಡ. ಮನೆಗೆ ಹೋಗೋಣ ಎಂದ.

ಅವತ್ತು ಮಧ್ಯಾಹ್ನ ಅವನ ಮನೆಯ ಪಡಸಾಲೆಯಲ್ಲಿ ನಾವೆಲ್ಲ ಸೇರಿದೆವು. ಅಣ್ಣ ಮಂಚದ ಮೇಲೆ, ಕಾಲು ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಅತ್ತಿಗೆ ಬಾಗಿಲಿಗೆ ಒರಗಿದ್ದಳು. ಮಗಳು ಕಾಲೇಜಿಗೆ ರಜೆ ಹಾಕಿದ್ದಳು. ಅತ್ತಿಗೆಯ ತಮ್ಮ ಆಂಧ್ರದ ಗಡಿ ಹತ್ತಿರದ ಊರಿಂದ ಬೈಕಿನಲ್ಲಿ ಬಂದಿದ್ದ. ಅಕ್ಕನ ಸಂಸಾರವೆಂದರೆ ಪ್ರಾಣ ಬಿಡುವವನು. ಅವನ ಕಡೆ ಗಾಯಕ್ಕೆ ಸೊಪ್ಪು ಕಟ್ಟುವವನೊಬ್ಬ ಇದ್ದನಂತೆ.

‘ಬಾವ, ಅವನು ಗ್ಯಾರಂಟಿ ಅಂತಾನೆ,’ ಎಂದ ಆತ, ತನ್ನ ತೆಲುಗು ಬೆರೆತ ಕನ್ನಡದಲ್ಲಿ. ‘ಮೂರು ಕಟ್ಟು. ಕಪ್ಪೆಲ್ಲಾ ಇಳ್ದೋಗ್ತದೆ. ಅಂತೇ, ಇನ್ನೇನೂ ಮಾತಿಲ್ಲ. ಆ ಡಾಕ್ಟ್ರಮ್ಮಂಗೆ ನೋಡಿದ್ರೆ ಇನ್ನೂ ಮದ್ವೆ ಕೂಡ ಆಗಿಲ್ಲ. ಅವ್ಳು ಏಳಿದ್ಲು ಅಂತ ಬೆರಳು ಕತ್ತರ್ಸ್ಕೊಂತೀಯ?’

‘ಮದುವೆಗೂ ಬೆರಳಿಗೂ ಏನು ಸಂಬಂಧ ಮಾವ?’ ಎಂದಳು ಮಗಳು. ‘ಅವರು ಹೇಳಿದ್ದು ಸರಿಯೋ ತಪ್ಪೋ ಅದನ್ನ ಹೇಳು. ಅವರ ಮೇಲೆ ಯಾಕೆ ಬೀಳ್ತೀಯ?’

‘ನಿಂಗೂ ಆಗಿಲ್ವಲ್ಲಮ್ಮ, ಅದ್ಕೆ ಉರೀತದೆ.’

‘ಲೇ, ಸುಮ್ಕಿರೋ,’ ಎಂದಳು ಅತ್ತಿಗೆ. ನನ್ನ ಕಡೆ ತಿರುಗಿ, ‘ನೀನಾದ್ರೂ ಏಳಪ್ಪಾ, ಊರಿಗೆಲ್ಲಾ ಏಳ್ತೀಯಲ್ಲ’ ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಮಾತಾಡಿದ. ಮೆತ್ತಗೇ ಮಾತಾಡಿದ. ‘ಕೊನೇ ಮನೆಯವನ್ನ ನೋಡಿದ್ರಲ್ಲ. ಮೊದ್ಲು ಬೆರಳು ಕೊಟ್ಟ. ಆಮೇಲೆ ಕಾಲು ಕೊಟ್ಟ. ಆಮೇಲೆ ತನ್ನನ್ನೇ ಕೊಟ್ಬಿಟ್ಟ. ಆಸ್ಪತ್ರೆಯವರು ಒಂದು ಬೆರಳು ಇಡ್ಕೊಂಡ್ರೆ ಆಳನ್ನ ಬಿಡೋದಿಲ್ಲ.’

ಕೆರೆಗೆ ಹೋಗುವ ಓಣಿಯ ಕೊನೆಯ ಮನೆಯವನು ಅಣ್ಣನ ಜೊತೆಗಾರ. ಇಬ್ಬರೂ ಒಟ್ಟಿಗೆ ಸಂತೆ ಸುತ್ತಿದವರು. ಅವನಿಗೂ ಇದೇ ಕಾಯಿಲೆ ಇತ್ತು. ಆಸ್ಪತ್ರೆಗೆ ಸೇರಿ, ಎರಡು ಸಲ ಕೊಯ್ಸಿಕೊಂಡು, ಅಲ್ಲೇ ತೀರಿಹೋದ. ಅವನು ಹೋದಮೇಲೆ ಅಣ್ಣ ಆ ಕಡೆ ಕಾಲಿಟ್ಟಿರಲಿಲ್ಲ. ದನಗಳನ್ನು ಕೆರೆಗೆ ಹೊಡೆಯುವಾಗಲೂ ಓಣಿ ಬಿಟ್ಟು ಕಟ್ಟೆ ಸುತ್ತಿ ಹೋಗುತ್ತಿದ್ದ. ದುಃಖವಿರಬೇಕೆಂದು ನಾವು ಕೇಳಲು ಹೋಗಿರಲಿಲ್ಲ.

ಮಗಳು ಎದ್ದು ನಿಂತಳು. ತರಗತಿಯಲ್ಲಿ ನಿಂತ ಹಾಗೇ ನಿಂತಳು. ‘ಅಪ್ಪಾ, ಅದು ತಪ್ಪು ತರ್ಕ. ಕೊಯ್ಸಿದ ಮೇಲೆ ಸತ್ತರು, ನಿಜ. ಕೊಯ್ಸಿದ್ದರಿಂದ ಸತ್ತರು ಅಂತ ಹೇಗೆ ಹೇಳ್ತೀಯ? ಅದಾದಮೇಲೆ ಆಯ್ತು ಅಷ್ಟೇ, ಅದರಿಂದ ಆಗಲಿಲ್ಲ.’

‘ನನ್ ಕಾಲ್ಗೆ ಪಾಠ ಮಾಡ್ತೀಯೇನೇ?’ ಎಂದ ಅಣ್ಣ. ‘ಮಾರ್ಕ್ಸ್ ಎಷ್ಟು ಬಂತು, ಅದ್ನೂ ಏಳ್ಬಿಡು.’

ಅವಳ ಮುಖ ಸಣ್ಣಗಾಯಿತು. ಅವಳು ಹೇಳಿದ್ದು ಸರಿಯಿತ್ತು. ಸರಿಯಾದ ಮಾತು ಗೆಲ್ಲಲೇಬೇಕು ಎಂದೇನಿಲ್ಲ. ಅದನ್ನು ಎಸೆದರೆ ಕಲ್ಲು, ಕೈಗೆ ಕೊಟ್ಟರೆ ಊರುಗೋಲು. ಅವಳು ಹೆದರಿದ್ದಳು, ಎಸೆದಳು.

ಆಗ ನಾನು ನನ್ನ ಸರಕು ಬಿಚ್ಚಿದೆ. ಮೊದಲು ಅಣ್ಣನನ್ನು ಹೊಗಳಿದೆ: ಊರಿಗೇ ಬುದ್ಧಿ ಹೇಳೋನು ನೀನು, ನಿನಗೆ ನಾನು ಹೇಳಬೇಕಾ? ಆಮೇಲೆ ಹೆದರಿಸಿದೆ. ಕೊನೆಗೆ ಎರಡೇ ಬಾಗಿಲು ತೋರಿಸಿದೆ. ‘ಅಣ್ಣಾ, ಎರಡ್ರಲ್ಲಿ ಒಂದು. ಆ ಬೆರಳು ಬೇಕಾ, ಇಲ್ಲಾ ಮಗಳ ಮದ್ವೆ ನೋಡ್ಬೇಕಾ?’

ಅಣ್ಣ ನನ್ನನ್ನೇ ನೋಡಿದ. ಬೇಸರವಿತ್ತು, ಸಿಟ್ಟಿರಲಿಲ್ಲ. ‘ನನ್ ತಾವ್ಲೇ ಯಾಪಾರ ಮಾಡ್ತೀಯೇನ್ಲಾ? ಮೊದ್ಲು ಸವರೋದು, ಆಮೇಲೆ ಬೆದ್ರಿಸೋದು, ಕೊನೆಗೆ ಎರಡು ದಾರಿ ತೋರ್ಸೋದು. ಇದನ್ನ ನಿಂಗೆ ಕಲ್ಸಿದ್ದು ಯಾರು?’

ನಾನು ಸ್ಟೂಲಿನ ಮೇಲಿದ್ದ ಅವನ ಕಾಲಿನ ಕಡೆ ನೋಡಿದೆ.

‘ಆ ಡಾಕ್ಟ್ರಮ್ಮನೂ ಅಷ್ಟೇ,’ ಎಂದು ಅವನೇ ಮುಂದುವರಿಸಿದ. ‘ಬೌದು, ಬೌದು. ಅಸು ಆಲು ಕೊಡ್ಬೌದು ಅಂತ ಯಾರಾನಾ ಏಳಿದ್ರೆ ನಾವು ಅದನ್ನ ಕೊಂಡ್ಕೊಂತೀವಾ? ಒಳ್ಗೆ ಏನೋ ಮಡಿಕ್ಕೊಂಡಿರೋನೇ ಬೌದು ಅನ್ನೋದು. ಈ ಬಾಮೈದನ ಕಡೆಯವನಾದ್ರೂ ನೇರ ಮಾತಾಡ್ತಾನೆ. ಗ್ಯಾರಂಟಿ ಅಂತಾನೆ.’

ಅವತ್ತು ಸಭೆ ಅಲ್ಲಿಗೆ ಮುಗಿಯಿತು. ಮರುದಿನ ಬೆಳಗಾದರೆ ಬೈಕಿನಲ್ಲಿ ಸೊಪ್ಪಿನವನ ಹತ್ತಿರ ಹೋಗುವುದೆಂದು ಅಣ್ಣ ಒಪ್ಪಿಬಿಟ್ಟ. ಅತ್ತಿಗೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಮಗಳು ಹೊರಗೆ ಜಗುಲಿಯ ಮೇಲೆ ಕೂತು, ‘ಚಿಕ್ಕಪ್ಪಾ, ನನಗೆ ಎಲ್ಲ ತಪ್ಪುಗಳ ಹೆಸರೂ ಗೊತ್ತು. ಅಪ್ಪನ ಕಾಲು ಹೋಗ್ತಾ ಇದೆ’ ಎಂದಳು. ನಾನು ಆ ರಾತ್ರಿ ಬಂಗಾರಪೇಟೆಗೆ ಹೋಗದೆ ಅಲ್ಲೇ ಉಳಿದೆ.

ಅಣ್ಣನ ಒಂದು ಮಾತು ನನ್ನನ್ನು ಬಿಡಲಿಲ್ಲ. ಆ ‘ಬೌದು’. ಸಂತೆಯಲ್ಲಿ ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಮಾರುವವನು ‘ಬಹುದು’ ಎಂದರೆ ಒಳಗೆ ಐಬು ಇದೆ ಎಂದೇ ಅರ್ಥ. ನಾನೂ ಆ ಲೆಕ್ಕದಲ್ಲೇ ಬದುಕಿದವನು, ಡಾಕ್ಟರಮ್ಮನ ಮಾತು ನನಗೂ ಹಾಗೇ ಕೇಳಿಸಿತ್ತು. ಯೋಚನೆ ಮಾಡುತ್ತಾ ಹೋದ ಹಾಗೆ ಒಂದು ವಿಷಯ ಹೊಳೆಯಿತು. ಆಕೆ ಏನನ್ನೂ ಮಾರುತ್ತಿರಲಿಲ್ಲ. ಬೆರಳು ತೆಗೆಸಿದರೆ ಆಕೆಗೆ ಏನೂ ಬರುವುದಿಲ್ಲ, ತೆಗೆಸದಿದ್ದರೆ ಆಕೆಯಿಂದ ಏನೂ ಹೋಗುವುದಿಲ್ಲ. ಹೊರಗೆ ಇನ್ನೂ ಬೇಕಾದಷ್ಟು ಜನ ಕಾಯುತ್ತಿದ್ದರು. ಮಾರುವವನ ‘ಬಹುದು’ ಬೇರೆ, ಮಾರದವನ ‘ಬಹುದು’ ಬೇರೆ. ಮೊದಲನೆಯದು ಮುಚ್ಚುತ್ತದೆ. ಎರಡನೆಯದು ತನಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಎಂದು ತೋರಿಸುತ್ತದೆ. ಸಂತೆಯ ಅಳತೆಗೋಲನ್ನು ನಾವು ಆಸ್ಪತ್ರೆಗೂ ಹೊತ್ತುಕೊಂಡು ಹೋಗಿದ್ದೆವು. ಓದುವವರಿಗೆ ನಾನು ಹೇಳುವುದಾದರೆ ಇಷ್ಟೇ: ಒಂದು ಮಾತು ಯಾವ ಬಗೆಯದು ಎಂದು ನೋಡುವ ಮೊದಲು, ಆಡಿದವರಿಗೆ ಅದರಿಂದ ಏನು ಬರಬೇಕಿದೆ ಎಂದು ನೋಡಿ.

ಬೆಳಗಿನ ಹಾಲು ಕರೆದಾದ ಮೇಲೆ ಕೊಟ್ಟಿಗೆಗೆ ಹೋದೆ. ಅತ್ತಿಗೆ ಹಾಲು ತೆಗೆದುಕೊಂಡು ಡೈರಿಗೆ ಹೋಗಿದ್ದಳು. ಅಣ್ಣ ಕ್ಯಾನೊಂದನ್ನು ಬೋರಲು ಹಾಕಿಕೊಂಡು ಕೂತಿದ್ದ. ಕಾಲಿಗೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು. ನಾನು ಏನೂ ಹೇಳದೆ ಗೋದಲಿಗೆ ಒರಗಿ ನಿಂತೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅದು ಅವನಿಗೂ ಗೊತ್ತು.

ಕೊನೆಗೆ ಅವನೇ ಶುರುಮಾಡಿದ. ‘ಅವನು ಆಸ್ಪತ್ರೆಗೆ ಓಗಲ್ಲ ಅಂತ ಕೂತಿದ್ದ ಕಣ್ಲಾ. ಕೊನೇ ಮನೆಯವನು.’

‘ಊಂ.’

‘ನಾನೇ ಓಗಿ ಏಳಿದ್ದು. ಮೂರು ದಿನ ಕೂತು ಏಳ್ದೆ. ಸವರ್ದೆ, ಬೆದ್ರಿಸ್ದೆ. ಎಂಡ್ತಿ ಮಕ್ಕಳ ಮೇಲೆ ಆಣೆ ಇಟ್ಟೆ. ಬೆರಳು ಓದ್ರೆ ಓಗ್ಲಿ, ಆಳು ಉಳೀತೀಯ, ಇದು ನನ್ ಗ್ಯಾರಂಟಿ ಅಂದೆ. ಅವನು ನನ್ ಮಾತು ನಂಬ್ಕೊಂಡು ಬಂದ. ಎಣವಾಗಿ ಓದ.’ ಅವನು ಹಸುವಿನ ಬೆನ್ನು ಸವರಿದ. ‘ಅವನ ಎಂಡ್ತಿ ಮೊಕ ನೋಡಕಾಗಲ್ಲ. ಅದ್ಕೇ ಆ ಓಣಿ ಬಿಟ್ಟಿದೀನಿ. ಮಾತಲ್ಲಿ ಒಬ್ಬನ್ನ ಕೊಂದಿದೀನಿ. ಈಗ ನೀವೆಲ್ಲಾ ಅದೇ ಮಾತು ತಂದು ನನ್ ಮುಂದೆ ಇಡ್ತೀರ.’

ಹಿಂದಿನ ದಿನವೆಲ್ಲ ನಾವು ಅವನ ಭಯದೊಂದಿಗೆ ವಾದ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಅಲ್ಲಿದ್ದದ್ದು ಭಯವಲ್ಲ. ಅವನು ತನಗೆ ತಾನೇ ಕೊಟ್ಟುಕೊಂಡ ತೀರ್ಪು ಅದು.

ಅವತ್ತು ಜೊತೆಗಾರನನ್ನು ಆಸ್ಪತ್ರೆಗೆ ಸಾಗಿಸಿದ್ದು ಬೂಸಾ ಸಾಗಿಸುವ ನನ್ನ ಲಗೇಜ್ ಆಟೋದಲ್ಲಿ. ಹಿಂದೆ ಮಲಗಿಸಿದ್ದೆವು. ಬಂಗಾರಪೇಟೆ ದಾಟುವಷ್ಟರಲ್ಲಿ ವಾಸನೆ ತಡೆಯಲಾಗದೆ ನಾನು ಮೂಗಿಗೆ ಟವಲು ಕಟ್ಟಿಕೊಂಡಿದ್ದೆ. ಆಸ್ಪತ್ರೆಯಲ್ಲಿ ಕಂಡದ್ದನ್ನು ಯಾರಿಗೂ ಹೇಳಿರಲಿಲ್ಲ, ಸತ್ತವನಿಗೆ ಅವಮಾನವಾದೀತೆಂದು. ಈಗ ಅಣ್ಣನಿಗೆ ಹೇಳಿದೆ. ‘ಅಣ್ಣಾ, ನೀನು ಮುಂದೆ ನನ್ ಪಕ್ಕ ಕೂತಿದ್ದೆ. ಅವನ ಕಾಲಿನ ಬಟ್ಟೆ ಬಿಚ್ಚಿ ಡಾಕ್ಟ್ರಿಗೆ ತೋರ್ಸಿದ್ದು ನಾನು. ಕಪ್ಪು ಆಗ್ಲೇ ಬೆರಳು ದಾಟಿ ಪಾದಕ್ಕೆ ಏರ್ಬಿಟ್ಟಿತ್ತು. ನೀನು ಓಗಿ ಏಳೋದಕ್ಕೆ ಮುಂಚೆ ಒಂದು ತಿಂಗಳು ಅವನು ಸೊಪ್ಪು ಕಟ್ಕೊಂಡು ಕೂತಿದ್ದ. ಇಷ್ಟು ತಡವಾಗಿ ತಂದಿದೀರಲ್ಲ, ಮೊದ್ಲು ಬಂದಿದ್ರೆ ಬೇರೆ ಮಾತು ಅಂತ ಅವರು ನನ್ ಅತ್ರಾನೇ ಏಳಿದ್ರು.’

ಅಣ್ಣ ಕಾಲಿನ ಒದ್ದೆ ಬಟ್ಟೆಯ ಮೇಲೆ ಕೈಯಿಟ್ಟ.

‘ನೀನು ಏಳಿದ ಮೇಲೆ ಅವನು ಓದ, ನಿಜ,’ ಎಂದೆ. ‘ನೀನು ಏಳಿದ್ದಕ್ಕೆ ಓಗ್ಲಿಲ್ಲ ಅಣ್ಣಾ. ಅದಾದಮೇಲೆ ಆಯ್ತು ಅಷ್ಟೇ. ಅದರಿಂದ ಆಗ್ಲಿಲ್ಲ.’

ಹಿಂದಿನ ದಿನ ಅವನ ಮಗಳು ಆಡಿದ್ದು ಇದೇ ಮಾತು. ಅಕ್ಷರ ಆಚೆ ಈಚೆ ಇಲ್ಲ. ಆಗ ಅದು ಅವನ ತಪ್ಪನ್ನು ತೋರಿಸುವುದಕ್ಕೆ ಬಂದಿತ್ತು. ಈಗ ಅವನು ಹೊತ್ತಿದ್ದ ಹೊರೆ ಇಳಿಸುವುದಕ್ಕೆ ಬಂದಿತು. ಅಣ್ಣ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡವನು ಅದನ್ನು ಮುಖದಿಂದ ತೆಗೆಯಲೇ ಇಲ್ಲ.

ಆಮೇಲೆ ಆ ಟವಲನ್ನು ನನ್ನ ಕಡೆ ಚಾಚಿದ. ‘ಆಕು,’ ಎಂದ.

ನನಗೆ ಕೂಡಲೇ ಅರ್ಥವಾಗಲಿಲ್ಲ.

‘ಟವಲ್ ಆಕ್ಲಾ. ಬಾಯಲ್ಲಿ ಏಳ್ಬೇಡ. ನಿನ್ ಬಾಯಿ ನಂಗೊತ್ತು, ನಂದೇ ಅದು. ಆ ಎರಡು ಬೆರಳು ಕೊಟ್ರೆ ನಾನು ಉಳ್ಯೋದು ಅತ್ತಕ್ಕೆ ಎಷ್ಟು? ಬೆರಳಲ್ಲಿ ಏಳು.’

ಅವನ ಅಂಗೈ ನನ್ನ ಅಂಗೈಯೊಳಗೆ ಬಂತು. ಬಿಸಿಯಾಗಿತ್ತು, ಜ್ವರವಿತ್ತೆಂದು ಕಾಣುತ್ತದೆ. ಮೇಲೆ ಟವಲು. ನಾನು ಮಾಡಿದ ಅಷ್ಟೂ ವ್ಯಾಪಾರಗಳಲ್ಲಿ ಇಷ್ಟು ಸುಲಭದ ಸುಳ್ಳು ಯಾವತ್ತೂ ಕೈಗೆ ಸಿಕ್ಕಿರಲಿಲ್ಲ. ಐದು ಬೆರಳನ್ನೂ ಬಿಗಿಯಾಗಿ ಎರಡು ಸಲ ಹಿಡಿದರೆ ಹತ್ತಕ್ಕೆ ಹತ್ತು. ಅವನು ಎದ್ದು ನನ್ನ ಜೊತೆ ಆಸ್ಪತ್ರೆಗೆ ಬರುತ್ತಿದ್ದ. ಒಳ್ಳೆಯದಕ್ಕೆ ಹೇಳಿದ ಸುಳ್ಳು ಎಂದು ಎಲ್ಲರೂ ಬೆನ್ನು ತಟ್ಟುತ್ತಿದ್ದರು. ಆದರೆ ಅವನು ಜೊತೆಗಾರನಿಗೆ ಕೊಟ್ಟಿದ್ದು ಅದೇ ಗ್ಯಾರಂಟಿ. ಅದೇ ಅವನನ್ನು ಇಷ್ಟು ವರ್ಷ ಸುಟ್ಟಿದ್ದು. ಡಾಕ್ಟರಮ್ಮ ಯಾವ ಅಂಕಿಯನ್ನೂ ಹೇಳಿರಲಿಲ್ಲ. ಹತ್ತಕ್ಕೆ ಎಷ್ಟು ಎಂಬುದು ನನಗೆ ಗೊತ್ತಿರಲಿಲ್ಲ.

ನಾನು ಕೈಯನ್ನು ಸಡಿಲ ಬಿಟ್ಟೆ. ಯಾವ ಬೆರಳನ್ನೂ ಹಿಡಿಯಲಿಲ್ಲ.

ಅವನು ಕಾದ. ನನ್ನ ಬೆರಳುಗಳನ್ನು ತಡವಿ ನೋಡಿದ, ಕತ್ತಲಲ್ಲಿ ಏನನ್ನೋ ಹುಡುಕುವ ಹಾಗೆ. ಅಲ್ಲಿ ಏನೂ ಸಿಗಲಿಲ್ಲ. ಮುಗಿಯಿತು, ಸೊಪ್ಪಿನವನ ಹತ್ತಿರ ಹೋಗುತ್ತಾನೆ ಎಂದುಕೊಂಡೆ.

‘ಗೊತ್ತಿಲ್ಲ ಅಂತೀಯ,’ ಎಂದ.

‘ಗೊತ್ತಿಲ್ಲ ಅಣ್ಣಾ. ಅವರಿಗೂ ಪೂರ್ತಿ ಗೊತ್ತಿಲ್ಲ. ಅದ್ಕೇ ಬೌದು ಅಂದ್ರು. ಅವರೇನೂ ನಮ್ಗೆ ಅಸು ಮಾರ್ತಾ ಇರ್ಲಿಲ್ಲ. ತಡ ಮಾಡಿದ್ರೆ ಕೆಡ್ತದೆ ಅನ್ನೋದು ಮಾತ್ರ ಅವರಿಗೆ ಗೊತ್ತು. ಕೊನೇ ಮನೆಯವನ ಕಾಲಲ್ಲಿ ಅದನ್ನ ನಾನೂ ನೋಡಿದೀನಿ.’

ಟವಲಿನ ಕೆಳಗೆ ಅವನ ಕೈ ನಿಧಾನವಾಗಿ ಬಿಗಿಯಾಯಿತು. ನನ್ನ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಹಿಡಿದ. ನಾವು ಸಾಮಾನ್ಯವಾಗಿ ಹಾಗೆ ಹಿಡಿಯುವುದಿಲ್ಲ, ತೋರುಬೆರಳಿಂದ ಎಣಿಸುತ್ತೇವೆ. ಅವನು ಹಿಡಿದದ್ದು ತನ್ನ ಕಾಲಿನ ಆ ಎರಡನ್ನು. ಒಮ್ಮೆ ಒತ್ತಿ ಬಿಟ್ಟುಬಿಟ್ಟ. ಸಂತೆಯಲ್ಲಿ ಹಾಗೆ ಒತ್ತಿ ಬಿಟ್ಟರೆ ವ್ಯಾಪಾರ ಕುದುರಿತು, ಹಗ್ಗ ಕೈ ಬದಲಾಯಿಸಬಹುದು ಎಂದು ಅರ್ಥ.

‘ಆಟೋ ತಕ್ಕಂಬಾ,’ ಎಂದ. ‘ಅವ್ಳು ಡೈರಿಯಿಂದ ಬರ್ಲಿ. ಅವ್ಳಿಗೆ ಏಳ್ಬಿಟ್ಟೇ ಓಗಾಣ.’

ಅತ್ತಿಗೆಯ ತಮ್ಮ ಬೈಕು ತೊಳೆದು ಸಿದ್ಧವಾಗಿ ನಿಂತಿದ್ದ. ಬಾವ ನನ್ನ ಆಟೋ ಹತ್ತುವುದನ್ನು ಕಂಡು ಬಾಯಿ ತೆರೆದ, ಅಕ್ಕನ ಮುಖ ನೋಡಿ ಮುಚ್ಚಿದ. ಆಮೇಲೆ ತಾನೇ ಬಂದು ಬಾವನ ಕಾಲಿಗೆ ಒಂದು ದಿಂಬು ಕೊಟ್ಟು ಪಕ್ಕದಲ್ಲಿ ಕೂತ. ಅವನನ್ನು ಮೂರ್ಖ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅವನ ತರ್ಕ ಕೆಟ್ಟದ್ದಿತ್ತು, ಮನುಷ್ಯ ಕೆಟ್ಟವನಲ್ಲ. ಅವೆರಡನ್ನು ಬೇರೆ ಬೇರೆ ಇಟ್ಟು ನೋಡುವುದನ್ನೂ ಮಗಳೇ ನನಗೆ ಹೇಳಿಕೊಟ್ಟಿದ್ದಳು.

ಎರಡು ಬೆರಳು ಹೋದವು. ಗಾಯ ಮಾಯುವುದಕ್ಕೆ ಬಹಳ ಕಾಲ ಹಿಡಿಯಿತು. ನಡುವೆ ಒಮ್ಮೆ ಮೂರನೆಯ ಬೆರಳಿನ ಬುಡ ಕೆಂಪಾಗಿ ನಾವೆಲ್ಲ ಮತ್ತೆ ಆಸ್ಪತ್ರೆಯ ವರಾಂಡದಲ್ಲಿ ಕೂತೆವು. ಇಳಿಯಬಹುದು, ನೋಡೋಣ ಎಂದರು ಡಾಕ್ಟರಮ್ಮ. ಆ ‘ಬಹುದು’ ಕೇಳಿ ಅಣ್ಣ ಈ ಸಲ ಚಪ್ಪಲಿ ಹುಡುಕಲಿಲ್ಲ. ಇಳಿಯಿತು. ಈಗಲೂ ಸಂಜೆ ಸಂಜೆ ಅತ್ತಿಗೆ ಮೊಬೈಲಿನ ಬೆಳಕು ಬಿಟ್ಟು ಅವನ ಪಾದ ತಿರುಗಿಸಿ ನೋಡುತ್ತಾಳೆ. ‘ದನದ ಅಲ್ಲು ನೋಡ್ದಂಗೆ ನೋಡ್ತಾಳಪ್ಪ, ಮಾರ್ತಾಳೋ ಏನೋ’ ಎಂದು ಅವನು ಗೊಣಗುತ್ತಾನೆ. ಮುಂದೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಲು ಈಗ ಆ ಮನೆಯಲ್ಲಿ ಯಾರೂ ನಾಚುವುದಿಲ್ಲ.

ಮೊನ್ನೆ ಅತ್ತಿಗೆಯ ತಮ್ಮ ಬಂದಿದ್ದ. ಜಗುಲಿಯ ಮೇಲೆ ಕೂತ ಊರವರಿಗೆ ಗಟ್ಟಿಯಾಗಿ ಹೇಳುತ್ತಿದ್ದ: ‘ನಮ್ ಬಾವ ಬೆರಳು ತೆಗ್ಸಿದ್ದಕ್ಕೇ ಉಳ್ಕೊಂಡಿದ್ದು. ನಂಬ್ರಿ, ಗ್ಯಾರಂಟಿ.’ ಮಗಳು ನನ್ನ ಮುಖ ನೋಡಿದಳು. ತಪ್ಪಿನ ಹೆಸರು ಅವಳ ನಾಲಿಗೆಯ ತುದಿಯಲ್ಲಿದ್ದದ್ದು ನನಗೆ ಕಂಡಿತು. ಅವಳು ಹೇಳಲಿಲ್ಲ.

ಹೇಳಿದವನು ಅಣ್ಣ. ‘ಬೆರಳು ತೆಗ್ಸ್ದೆ. ಉಳ್ಕೊಂಡಿದೀನಿ. ಅಷ್ಟೇ ಏಳ್ಲಾ. ಎರಡ್ರ ಮಧ್ಯಕ್ಕೆ ಅಗ್ಗ ಕಟ್ಬೇಡ.’

ಹಾಗೆಂದು ಕೋಲು ಹಿಡಿದು ಎದ್ದ. ದನಗಳನ್ನು ಕೆರೆಗೆ ಬಿಡುವ ಹೊತ್ತು. ಅವು ರೂಢಿಯ ಪ್ರಕಾರ ಕಟ್ಟೆಯ ಕಡೆ ತಿರುಗಿದವು. ಅಣ್ಣ ಅವುಗಳನ್ನು ಅಡ್ಡಗಟ್ಟಿ ಓಣಿಗೆ ಹೊಡೆದ. ಕುಂಟುತ್ತಾ ಅವುಗಳ ಹಿಂದೆ ಹೋದವನು ಕೊನೆಯ ಮನೆಯ ಮುಂದೆ ನಿಂತ. ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಜೊತೆಗಾರನ ಹೆಂಡತಿ ತಲೆಯೆತ್ತಿ ನೋಡಿ, ಮೊರವನ್ನು ಕೆಳಗಿಟ್ಟು, ‘ಇಷ್ಟು ದಿನ ಎಲ್ಲೋಗಿದ್ದೆ ಅಣ್ಣಾ?’ ಎಂದಳು.

ಅದು ಪ್ರಶ್ನೆಯಾಗಿರಲಿಲ್ಲ. ಅಣ್ಣ ಉತ್ತರ ಕೊಡದೆ ಅವಳ ಜಗುಲಿಯ ಮೇಲೆ ಕೂತುಕೊಂಡ. ಹಸುಗಳು ತಮ್ಮ ಪಾಡಿಗೆ ತಾವು ಕೆರೆಯ ಕಡೆ ಹೋದವು.